ಒಂದೇ ನೌಕೆ, ಎರಡು ಕಥೆ: ಬಾಹ್ಯಾಕಾಶದ ಮಾಡೆಲ್ ಕಟ್ಟುವ ಮುಂಚೆ ಏನೇನು ಆರಿಸಬೇಕು

ಹೋದ ಬೇಸಿಗೆಯಲ್ಲಿ ನಾನೂ ರಾಯಚೂರಿನ ನನ್ನ ಗೆಳೆಯನೂ ಒಂದೇ ಮಾಡೆಲ್ ಕಟ್ಟಿದೆವು. ಯಾವ ಸಿನಿಮಾದ್ದೂ ಅಲ್ಲ. ನಾವೇ ಕಾಗದದ ಮೇಲೆ ಗೀಚಿಕೊಂಡ ಒಂದು ಇಳಿಯುವ ನೌಕೆ. ನಾಲ್ಕು ಕಾಲು, ಒಂದು ಬಾಗಿಲು, ನೆತ್ತಿಯ ಮೇಲೆ ಒಂದು ಆಂಟೆನಾ. ಅಳತೆ 1:72, ಅಂದರೆ ನಿಜದ ಅಳತೆಯ 72ನೇ ಒಂದು ಪಾಲು. ಅವನು ರಾಯಚೂರಿನಲ್ಲಿ ಕಟ್ಟಿದ, ನಾನು ಕೊಪ್ಪಳದಲ್ಲಿ. ಎರಡು ತಿಂಗಳಾದ ಮೇಲೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟೆವು. ಒಂದೇ ಚಿತ್ರ ನೋಡಿ ಕಟ್ಟಿದ್ದು ಅಂದರೆ ಯಾರೂ ನಂಬುತ್ತಿರಲಿಲ್ಲ. ಅವನದು ಬೆಳ್ಳಗೆ ಹೊಳೆಯುತ್ತಿತ್ತು, ಬಾಗಿಲು ಮುಚ್ಚಿತ್ತು. ನನ್ನದರ ಮೈಗೆಲ್ಲ ಕೆಂಪು ಧೂಳು, ಬಾಗಿಲು ತೆರೆದಿತ್ತು, ಏಣಿಯ ಕೆಳಗೆ ಒಬ್ಬ ಮನುಷ್ಯ ನಿಂತಿದ್ದ.

"ಬಾಗಲಾ ಯಾಕ ತೆರದಿಯಲೇ? ಒಳಗ ಯಾರದಾರ ಅನ್ನೋದ ಕಥಿ" ಅಂದ ಅವನು.

"ಹೊರಗ ಬಂದಾವ ಏನ ನೋಡಿದ ಅನ್ನೋದು ಕಥಿ" ಅಂದೆ ನಾನು.

ಆ ರಾತ್ರಿ ಊಟ ಆರಿತು, ಮಾತು ಆರಲಿಲ್ಲ.

ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಮೊದಲು ಕೇಳುವುದು ಯಾವ ಕಿಟ್ (ಜೋಡಿಸಲು ತಯಾರಾಗಿ ಬರುವ ಬಿಡಿಭಾಗಗಳ ಪೆಟ್ಟಿಗೆ) ತಗೊಳ್ಳಲಿ, ಯಾವ ಅಂಟು, ಯಾವ ಬಣ್ಣ ಅಂತ. ನಾನು ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಈ ನೌಕೆ ಎಲ್ಲಿಂದ ಬಂತು, ಅದಕ್ಕೆ ಏನಾಗಿದೆ? ಇದು ಗೊತ್ತಾದರೆ ಉಳಿದ ಆಯ್ಕೆಗಳು ಅರ್ಧ ಸುಲಭವಾಗುತ್ತವೆ. ಗೊತ್ತಿಲ್ಲದೆ ಶುರು ಮಾಡಿದರೆ ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಮೈಮೇಲೆ ಅಂಟುತ್ತದೆ. ಆದ್ದರಿಂದ ಕಥೆಯಿಂದಲೇ ಶುರು ಮಾಡುತ್ತೇನೆ.

ವಿಜ್ಞಾನಕ್ಕೆ ಕಟ್ಟುಬಿದ್ದ ಕಥೆಯೋ, ಸಾಹಸದ ಕಥೆಯೋ

ನಮ್ಮ ಎಲ್ಲ ಚರ್ಚೆಯ ಬೇರು ಇದೇ. ಗೆಳೆಯನಿಗೆ ಭೌತವಿಜ್ಞಾನ ತಪ್ಪಬಾರದು. ಗಾಳಿಯಿಲ್ಲದ ಕಡೆ ಓಡಾಡುವ ನೌಕೆಗೆ ರೆಕ್ಕೆ ಯಾಕೆ ಅಂತ ಅವನು ಕೇಳುತ್ತಾನೆ. ನನಗೆ ಮೊದಲು ನೌಕೆಯ ಮೇಲೆ ಪ್ರೀತಿ ಹುಟ್ಟಬೇಕು, ಲೆಕ್ಕ ಆಮೇಲೆ.

ಇದಕ್ಕೆ ನಾವು ಯಾವಾಗಲೂ ಎಳೆದು ತರುವ ಉದಾಹರಣೆ ಒಂದಿದೆ. 1968ರ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದಲ್ಲಿ ಬಾಹ್ಯಾಕಾಶದಲ್ಲಿ ಎಂಜಿನ್ನಿನ ಸದ್ದೇ ಇಲ್ಲ. ಗಾಳಿ ಇಲ್ಲದ ಕಡೆ ಸದ್ದು ಸಾಗುವುದಿಲ್ಲ ಅನ್ನುವುದಕ್ಕೆ ಅಷ್ಟು ನಿಷ್ಠೆ. ಅದರ ದೊಡ್ಡ ನೌಕೆಯ ಎಂಜಿನ್ ಪರಮಾಣು ಶಕ್ತಿಯದು. ಅದಕ್ಕೇ ಜನ ಇರುವ ಗೋಳ ಒಂದು ತುದಿಗೆ, ಎಂಜಿನ್ ಇನ್ನೊಂದು ತುದಿಗೆ, ನಡುವೆ ಉದ್ದನೆಯ ಬೆನ್ನೆಲುಬು. ಆದರೆ ಅಂಥ ಎಂಜಿನ್ನಿನ ಶಾಖ ಹೊರಗೆ ಹಾಕಲು ದೊಡ್ಡ ಫಲಕಗಳು ಬೇಕು. ಮೊದಲ ವಿನ್ಯಾಸಗಳಲ್ಲಿ ಅವು ಇದ್ದವು. ನೋಡುವವರು ಅವನ್ನು ರೆಕ್ಕೆ ಅಂದುಕೊಂಡಾರು ಅಂತ ಕೊನೆಗೆ ಕೈಬಿಟ್ಟರು. ವಿಜ್ಞಾನದ ವಿಷಯದಲ್ಲಿ ಅಷ್ಟು ಹಟ ಹಿಡಿದವರೇ ಒಂದು ಕಡೆ ನೋಡುವವರಿಗಾಗಿ ಬಗ್ಗಿದರು.

ಅದು ತಪ್ಪು ಅನ್ನುತ್ತಾನೆ ಗೆಳೆಯ. ನನಗೆ ಸಿನಿಮಾಕ್ಕೆ ಅದು ಸರಿ ಅನ್ನಿಸುತ್ತದೆ, ಮಾಡೆಲ್‌ಗೆ ಸರಿ ಅನ್ನಿಸುವುದಿಲ್ಲ. ಯಾಕೆಂದರೆ ತೆರೆಯ ಮೇಲೆ ನೌಕೆ ಕಾಣುವುದು ಕೆಲವೇ ಕ್ಷಣ. ಅಷ್ಟರಲ್ಲಿ ನೋಡುವವರ ಮನಸ್ಸಿಗೆ ಗೊಂದಲ ಬರಬಾರದು. ಮಾಡೆಲ್ ಹಾಗಲ್ಲ. ಅದು ನಿಮ್ಮ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಬಂದವರು ಹತ್ತಿರ ಬಗ್ಗಿ "ಇದೇನು?" ಅಂತ ಕೇಳುತ್ತಾರೆ. ಆಗ "ಇದು ಶಾಖ ಹೊರಹಾಕುವ ಫಲಕ" ಅಂತ ಹೇಳಲು ನಿಮಗೆ ಸಮಯ ಇದೆ. ಆ ಪ್ರಶ್ನೆಯೇ ಕಥೆಯ ಬಾಗಿಲು. ಹಾಗಾಗಿ ಕಪಾಟಿನಲ್ಲಿ ಇಡುವ ಮಾಡೆಲ್‌ಗೆ ನಾನು ವಿಜ್ಞಾನದ ಕಡೆಯೇ ವಾಲುತ್ತೇನೆ. ಇಂಧನದ ಗುಂಡು ಟ್ಯಾಂಕು, ಫಲಕ, ಆಂಟೆನಾ, ಚಾಕೊಲೇಟಿನ ಬಂಗಾರದ ಹಾಳೆ ಸುತ್ತಿದ ಮೈ: ಇವೆಲ್ಲ ಪ್ರಶ್ನೆ ಕೇಳಿಸುವ ವಸ್ತುಗಳು.

ಮಾಡೆಲ್ ಮಾಡುವುದು ವಿಡಿಯೊ ತೆಗೆಯುವುದಕ್ಕಾದರೆ ಸಾಹಸದ ದಾರಿ ಹಿಡಿಯಿರಿ. ಅಲ್ಲಿ ಆಕಾರವೇ ಮುಖ್ಯ. ಪರೀಕ್ಷೆ ಸುಲಭ: ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟು ಗೋಡೆಯ ಮೇಲಿನ ನೆರಳು ನೋಡಿ. ನೆರಳಿನಲ್ಲೇ ಇದು ಇಂಥ ನೌಕೆ ಅಂತ ಗುರುತು ಸಿಗಬೇಕು. ಇನ್ನೊಂದು ಉಳಿತಾಯವೂ ಇದೆ. 'ಸ್ಟಾರ್ ಟ್ರೆಕ್' ಮೊದಲ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ ದೊಡ್ಡ ಮಾಡೆಲ್ ಸುಮಾರು 11 ಅಡಿ ಉದ್ದದ್ದು. ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದರ ಎಡಬದಿಯನ್ನು ಪೂರ್ತಿ ಮಾಡಿರಲೇ ಇಲ್ಲ. ಒಳಗಿನ ದೀಪಗಳ ವೈರುಗಳು ಆ ಕಡೆಯಿಂದ ಹೊರಗೆ ಬರುತ್ತಿದ್ದವು. ಕ್ಯಾಮರಾ ನೋಡುತ್ತಿದ್ದದ್ದು ಬಲಬದಿಯನ್ನು. ಕಥೆಗೆ ಎಷ್ಟು ಬೇಕೋ ಅಷ್ಟೇ ಕಟ್ಟಿದರು. ಇದು ನನಗೆ ಬಹಳ ಇಷ್ಟವಾದ ಪಾಠ.

ಕಾಗದ, ಕಿಟ್, ಅಥವಾ ಎಲ್ಲ ಕೈಯಾರೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಮಾಡೆಲ್ ಕಿಟ್ಟಿಗೇ ಅಂತ ಒಂದು ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಕಿಟ್ ಬೇಕಾದರೆ ಆನ್‌ಲೈನ್, ಇಲ್ಲವೇ ಬೆಂಗಳೂರು, ಹೈದರಾಬಾದಿಗೆ ಹೋದಾಗ ತರುವುದು. ಈ ವಿಷಯ ಆಯ್ಕೆಯ ಮೇಲೆ ಪರಿಣಾಮ ಮಾಡೇ ಮಾಡುತ್ತದೆ.

ಕಾಗದ ಎಲ್ಲಕ್ಕಿಂತ ಅಗ್ಗ. ನಾಸಾ ತನ್ನ ಹಲವು ನೌಕೆಗಳ ಕಾಗದದ ಮಾಡೆಲ್‌ಗಳನ್ನು ಉಚಿತವಾಗಿ ಕೊಟ್ಟಿದೆ. ಪ್ರಿಂಟ್ ತೆಗೆಸಿ, ಕತ್ತರಿಸಿ, ಅಂಟಿಸುವುದು. ಝೆರಾಕ್ಸ್ ಅಂಗಡಿಯಲ್ಲಿ ಮಾಮೂಲಿ ಹಾಳೆ ಬೇಡ, 160ರಿಂದ 200 ಜಿಎಸ್‌ಎಮ್ ದಪ್ಪದ ಹಾಳೆ ಕೇಳಿ. ಮಡಿಸುವ ಗೆರೆಯ ಮೇಲೆ ಮುಗಿದುಹೋದ ಬಾಲ್‌ಪೆನ್ನಿನಿಂದ ಒತ್ತಿ ಗೀರಿ, ಆಮೇಲೆ ಮಡಿಸಿ. ಫೆವಿಕಾಲನ್ನು ಬೆಂಕಿಕಡ್ಡಿಯ ತುದಿಯಲ್ಲಿ ಹಚ್ಚಿ, ಜಾಸ್ತಿ ಆದರೆ ಹಾಳೆ ಉಬ್ಬುತ್ತದೆ. ಸೌರಫಲಕ, ಪೆಟ್ಟಿಗೆಯಾಕಾರದ ಉಪಗ್ರಹ ಇಂಥವುಗಳಿಗೆ ಕಾಗದದಂಥ ವಸ್ತು ಇನ್ನೊಂದಿಲ್ಲ. ಗುಂಡನೆಯ ಮೈಗೆ ಅದು ಒಗ್ಗುವುದಿಲ್ಲ.

ಪ್ಲಾಸ್ಟಿಕ್ ಕಿಟ್‌ನಲ್ಲಿ ಎರಡು ಬಗೆ. ಒತ್ತಿದರೆ ಕೂಡಿಕೊಳ್ಳುವುದು ಒಂದು, ಅಂಟು ಬೇಕಾದದ್ದು ಇನ್ನೊಂದು. ಜಪಾನಿನ ಬಂದಾಯ್ ಕಂಪನಿಯ ಈಗಿನ ಗುಂಡಮ್ ರೋಬೋಗಳು ಒತ್ತುವ ಬಗೆಯವು. ಗುಂಡಮ್ ಅನ್ನುವ ಕಾರ್ಟೂನ್ ಧಾರಾವಾಹಿ ಬಂದದ್ದು 1979ರಲ್ಲಿ, ಕಿಟ್‌ಗಳು 1980ರಿಂದ. ಮಕ್ಕಳ ಜೊತೆ ಕೂತು ಕಟ್ಟುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಭಾನುವಾರಕ್ಕೆ ಮುಗಿಯುತ್ತದೆ, ಬಣ್ಣ ಹಚ್ಚದಿದ್ದರೂ ನಡೆಯುತ್ತದೆ. ಆದರೆ ಅದರಲ್ಲಿ ಕಥೆ ಬೇರೆಯವರದು. ನಿಮ್ಮದಾಗಬೇಕಾದರೆ ಅದರ ಮೈಮೇಲೆ ಒಂದು ಗಾಯವಾದರೂ ನೀವು ಮಾಡಬೇಕು.

ಮೂರನೆಯದು ಕೈಯಾರೆ ಕಟ್ಟುವುದು. ನನ್ನ ಒಲವು ಪೂರ್ತಿ ಈ ಕಡೆಗೆ. 1977ರ 'ಸ್ಟಾರ್ ವಾರ್ಸ್'ಗೆ ಮಾಡೆಲ್ ಕಟ್ಟಿದವರು ಯುದ್ಧದ ಟ್ಯಾಂಕ್, ವಿಮಾನ, ಹಡಗುಗಳ ಕಿಟ್‌ಗಳನ್ನು ಬಿಚ್ಚಿ ಅವುಗಳ ಚೂರುಗಳನ್ನು ನೌಕೆಯ ಮೈಗೆ ಅಂಟಿಸಿದರು. ಸಣ್ಣ ಸಣ್ಣ ಪೈಪು, ಮುಚ್ಚಳ, ಉಬ್ಬುಗಳು ತುಂಬಿದಾಗ ಕಣ್ಣು ಮೋಸ ಹೋಗುತ್ತದೆ, ವಸ್ತು ದೊಡ್ಡದು ಅಂತ ನಂಬುತ್ತದೆ. ನಮಗೆ ಕಿಟ್ ಬಿಚ್ಚುವ ಅನುಕೂಲ ಇಲ್ಲ. ಆದರೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಟ್ಟ ಚಾರ್ಜರ್, ಹಳೆಯ ರಿಮೋಟ್, ಸರ್ಕಿಟ್ ಬೋರ್ಡ್ ಕೇಳಿದರೆ ಕೊಡುತ್ತಾರೆ. ಪೆನ್ನಿನ ಕ್ಯಾಪ್, ಬಳಸದ ಸಿರಿಂಜು, ಮಾತ್ರೆಯ ಹಾಳೆಯ ಉಬ್ಬು. ಮಾತ್ರೆಯ ಉಬ್ಬು ಅಂತೂ ಗಾಜಿನ ಗುಮ್ಮಟಕ್ಕೆ ಹೇಳಿ ಮಾಡಿಸಿದ್ದು.

ಸಂದು ತುಂಬಲು ಎಂ-ಸೀಲ್ ಸಾಕು. ಎರಡು ಉಂಡೆ ಕಲಸಿ, ಒದ್ದೆ ಬೆರಳಿನಿಂದ ಸವರಿ, ಮಾರನೇ ದಿನ ಉಪ್ಪುಕಾಗದ ಹಾಕಿ ಉಜ್ಜಿ. ಇದನ್ನು ಮಾಡುವಾಗೆಲ್ಲ ನನಗೆ ಕಿನ್ನಾಳ ನೆನಪಾಗುತ್ತದೆ. ಕೊಪ್ಪಳದ ಪಕ್ಕದ ಊರು. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ ಗೊಂಬೆ ಮಾಡುತ್ತಾರೆ. ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿ 'ಕಿಟ್ಟ' ಅನ್ನುವ ಮುದ್ದೆ ಮಾಡಿ ಮೈಗೆ ಹಚ್ಚುತ್ತಾರೆ. ಒಡವೆಯ ಉಬ್ಬುಗಳನ್ನು ಕಲ್ಲಿನ ಪುಡಿಯ ಮುದ್ದೆಯಿಂದ ಎಬ್ಬಿಸುತ್ತಾರೆ. ತುಂಡು ಜೋಡಿಸು, ಸಂದು ಮುಚ್ಚು, ಉಬ್ಬು ಎಬ್ಬಿಸು, ಬಣ್ಣ ಹಚ್ಚು: ನಾವು ಮಾಡುವುದೂ ಅದೇ ಅಲ್ವಾ? ಒಮ್ಮೆ ಹೋಗಿ ಅವರ ಕೈ ನೋಡಿ ಬನ್ನಿ. ಯಾವ ವಿಡಿಯೊದಿಂದಲೂ ಸಿಗದ ಕಲಿಕೆ ಅದು.

ಅಳತೆ: ಇಲ್ಲಿ ಲೆಕ್ಕ ಮಾಡಲೇಬೇಕು

1:72 ಅಂದರೆ ನಿಜದ 72 ಸೆಂ.ಮೀ. ನಿಮ್ಮಲ್ಲಿ 1 ಸೆಂ.ಮೀ. ಇಂಗ್ಲಿಷ್ ಲೆಕ್ಕದಲ್ಲಿ ಆರು ಅಡಿಗೆ ಒಂದು ಇಂಚು, ಅಲ್ಲಿಂದಲೇ ಈ ಸಂಖ್ಯೆ ಬಂದದ್ದು. 1:144 ಅದರ ಅರ್ಧ. ಆರಿಸುವಾಗ ಎರಡು ಪ್ರಶ್ನೆ: ನೌಕೆ ಎಷ್ಟು ದೊಡ್ಡದಾಗುತ್ತದೆ? ಪಕ್ಕದಲ್ಲಿ ಮನುಷ್ಯ ಕಾಣಬೇಕೋ ಬೇಡವೋ?

ಎರಡನೆಯ ಪ್ರಶ್ನೆಯೇ ಕಥೆಯದ್ದು. 1.7 ಮೀಟರ್ ಎತ್ತರದ ಮನುಷ್ಯ 1:35ರಲ್ಲಿ ಸುಮಾರು 5 ಸೆಂ.ಮೀ. ಆಗುತ್ತಾನೆ, ಮುಖಭಾವ ಬರೆಯಬಹುದು. 1:72ರಲ್ಲಿ 2.4 ಸೆಂ.ಮೀ., ನಿಲುವು ಮಾತ್ರ ಕಾಣುತ್ತದೆ. ಬಗ್ಗಿದ್ದಾನೋ, ಹಿಂದೆ ತಿರುಗಿ ನೋಡುತ್ತಿದ್ದಾನೋ ಗೊತ್ತಾಗುತ್ತದೆ. 1:144ರಲ್ಲಿ 1.2 ಸೆಂ.ಮೀ., ಬರೀ ಒಂದು ಕಡ್ಡಿ. 1:1000ದಲ್ಲಿ ಎರಡು ಮಿ.ಮೀ. ಕೂಡ ಇಲ್ಲ, ಅಲ್ಲಿ ಕಥೆ ನೌಕೆಯದ್ದೇ. ಮನುಷ್ಯನ ಕಥೆ ಹೇಳಬೇಕಾದರೆ 1:72ಕ್ಕಿಂತ ಸಣ್ಣದಕ್ಕೆ ಹೋಗಬೇಡಿ.

ನಿಜದ ನೌಕೆಗಳಿಂದ ಒಂದು ಉದಾಹರಣೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 2 ಮೀಟರ್ ಉದ್ದ, 2 ಮೀಟರ್ ಅಗಲ. 1:72ರಲ್ಲಿ ಅದು ಮೂರು ಸೆಂ.ಮೀ. ಕೂಡ ಆಗದು, ಕಾಲು ಕೂಡಿಸುವಷ್ಟರಲ್ಲಿ ಕಣ್ಣು ನೋಯುತ್ತದೆ. ಅದನ್ನು 1:10ರಲ್ಲಿ ಮಾಡಿ. 20 ಸೆಂ.ಮೀ. ಬರುತ್ತದೆ, ಪ್ರಗ್ಯಾನ್ ರೋವರ್ 9 ಸೆಂ.ಮೀ. ಚಿಲ್ಲರೆ, ಕೈಯಲ್ಲಿ ಹಿಡಿಯುವಷ್ಟು. ಪಿಎಸ್‌ಎಲ್‌ವಿ ರಾಕೆಟ್ ಹಾಗಲ್ಲ, 44.4 ಮೀಟರ್ ಎತ್ತರದ್ದು. 1:10ರಲ್ಲಿ ಮಾಡಿದರೆ ಎರಡು ಆಳಿಗಿಂತ ಎತ್ತರವಾಗುತ್ತದೆ. 1:144ರಲ್ಲಿ ಸುಮಾರು 31 ಸೆಂ.ಮೀ.

ರಾಕೆಟ್ ಮಾಡುವವರಿಗೆ ನನ್ನ ಸಲಹೆ ತಲೆಕೆಳಗಾದ ಲೆಕ್ಕ. ಅಳತೆ ಆರಿಸಿ ಪೈಪು ಹುಡುಕಬೇಡಿ, ಪೈಪು ಹಿಡಿದು ಅಳತೆ ಕಂಡುಕೊಳ್ಳಿ. ಪಿಎಸ್‌ಎಲ್‌ವಿಯ ಮೊದಲ ಹಂತದ ಅಡ್ಡಳತೆ 2.8 ಮೀಟರ್. ಮನೆಯ ವೈರಿಂಗಿಗೆ ಹಾಕುವ ಪೈಪು ಹೊರಗಿನಿಂದ 25 ಮಿ.ಮೀ. 2800 ಭಾಗಿಸು 25, ಅಂದರೆ 112. ನಿಮ್ಮ ಅಳತೆ 1:112. ಎತ್ತರ 39.6 ಸೆಂ.ಮೀ. ತುದಿಯ ಟೊಪ್ಪಿಗೆಯ ಅಡ್ಡಳತೆ 3.2 ಮೀಟರ್, ಅಂದರೆ 28.6 ಮಿ.ಮೀ. ಅದಕ್ಕೆ ಪೈಪಿನ ಮೇಲೆ ಡ್ರಾಯಿಂಗ್ ಹಾಳೆ ಸುತ್ತುತ್ತಾ ಹೋಗಿ, ಮೂತಿಯನ್ನು ಎಂ-ಸೀಲ್‌ನಲ್ಲಿ ತಿದ್ದಿ. ಎಕ್ಸ್‌ಎಲ್ ಮಾದರಿಯ ಆರು ಪಕ್ಕದ ಬೂಸ್ಟರ್‌ಗಳು ತಲಾ 1 ಮೀಟರ್ ದಪ್ಪ, 12 ಮೀಟರ್ ಉದ್ದ. ನಿಮ್ಮಲ್ಲಿ 9 ಮಿ.ಮೀ. ದಪ್ಪ, 10.7 ಸೆಂ.ಮೀ. ಉದ್ದ. ಸ್ಕೆಚ್ ಪೆನ್ನಿನ ಕೊಳವೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಳೆದು ನೋಡಿ ತಗೊಳ್ಳಿ. 2008ರಲ್ಲಿ ಚಂದ್ರಯಾನ-1, 2013ರಲ್ಲಿ ಮಂಗಳಯಾನ, 2023ರಲ್ಲಿ ಆದಿತ್ಯ-ಎಲ್1 ಮೇಲೆ ಹೋದದ್ದು ಈ ಎಕ್ಸ್‌ಎಲ್ ರಾಕೆಟ್ಟಿನಲ್ಲೇ. ಯಾವ ಹಾರಾಟದ್ದು ಅಂತ ಕೆಳಗೆ ಬರೆದಿಡಿ. ಆ ಒಂದು ಸಾಲಿನಿಂದ ಪೈಪಿಗೆ ಕಥೆ ಬರುತ್ತದೆ.

ಹೊಚ್ಚ ಹೊಸದೋ, ಬಳಸಿ ಸವೆದದ್ದೋ

ನಮ್ಮ ನಡುವೆ ಇನ್ನೂ ತೀರದ ಜಗಳ ಇದು. ಗೆಳೆಯನ ಬಿಳಿ ನೌಕೆಗೆ ಅವನು ಕೊಡುವ ಕಾರಣ ಸರಿಯಾದದ್ದೇ: ಅದು ಈಗ ತಾನೇ ಹೊರಟಿದೆ, ಏನೂ ಆಗಿಲ್ಲ, ಮುಂದೆ ಏನಾಗುತ್ತದೋ ಅನ್ನುವ ಭಯ ನೋಡುವವರದ್ದು. ನನಗೆ ಸವೆದ ನೌಕೆ ಬೇಕು. ಎಲ್ಲೆಲ್ಲೋ ಹೋಗಿ ಬಂದದ್ದು ಮೈಮೇಲೆ ಕಾಣಬೇಕು.

ಸವೆದದ್ದು ಆರಿಸಿದರೆ ಸುಮ್ನೆ ಎಲ್ಲ ಕಡೆ ಕಂದು ಬಣ್ಣ ಬಳಿಯಬೇಡಿ. ಧೂಳು ಎಲ್ಲಿ ಕೂರುತ್ತದೆ ಅನ್ನುವುದನ್ನು ಆ ಲೋಕ ನಿರ್ಧರಿಸುತ್ತದೆ. ಚಂದ್ರನಲ್ಲಿ ಗಾಳಿ ಇಲ್ಲ. ಎಂಜಿನ್ ಎಬ್ಬಿಸಿದ ಧೂಳು ಮೋಡವಾಗಿ ತೇಲುವುದಿಲ್ಲ, ದೂರ ಚಿಮ್ಮಿ ಬಿದ್ದುಬಿಡುತ್ತದೆ. ಹಾಗಾಗಿ ಚಂದ್ರನ ನೌಕೆಗೆ ಕೆಳಗಷ್ಟೇ ಧೂಳು, ಮೇಲೆ ಶುದ್ಧ. ಮಂಗಳದಲ್ಲಿ ತೆಳು ಗಾಳಿ ಇದೆ, ಧೂಳಿನ ಬಿರುಗಾಳಿ ಏಳುತ್ತದೆ, ಧೂಳು ಮೇಲಿನಿಂದ ಇಳಿದು ಸೌರಫಲಕದ ಮೇಲೆ ಕೂರುತ್ತದೆ. ಅಲ್ಲಿದ್ದ ನಾಸಾದ ಆಪರ್ಚುನಿಟಿ ರೋವರ್ 2018ರಲ್ಲಿ ಮಾತು ನಿಲ್ಲಿಸಿದ್ದು ಅಂಥ ಒಂದು ಬಿರುಗಾಳಿಯಲ್ಲೇ. ನೀರು ಸೋರಿದ ತುಕ್ಕಿನ ಗೆರೆ ಬೇಕಾದರೆ ನಿಮ್ಮ ಲೋಕದಲ್ಲಿ ಮಳೆ ಇರಬೇಕು. ಈ ಮೂರರಲ್ಲಿ ಒಂದನ್ನು ಆರಿಸಿ, ಅದಕ್ಕೆ ನಿಷ್ಠರಾಗಿರಿ.

ಬಣ್ಣದ ಪುಡಿಗೆ ನಾವು ಹಣ ಕೊಡಬೇಕಿಲ್ಲ. ಮಂಗಳ ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ನಮ್ಮ ಸಂಡೂರಿನ ಕೆಂಪೂ ಅದರದೇ. ಬಳ್ಳಾರಿ ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮರಗಳನ್ನು ನೋಡಿದವರಿಗೆ ಧೂಳು ಹೇಗೆ ಕೂರುತ್ತದೆ ಅಂತ ಹೇಳಿಕೊಡಬೇಕಿಲ್ಲ: ಎಲೆಯ ಮೇಲುಗಡೆ ಕೆಂಪು, ಕೆಳಗಡೆ ಹಸಿರು. ನನ್ನ ನೌಕೆಗೆ ಧೂಳು ಹಾಕಿದ್ದು ಆ ಎಲೆಗಳನ್ನು ನೋಡಿಯೇ. ಒಂದು ಮುಷ್ಟಿ ಮಣ್ಣು ತಂದು, ಒಣಗಿಸಿ, ಹಳೆಯ ವೇಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ. ಸೋಸುವುದನ್ನು ಬಿಡಬೇಡಿ. 1:72ರಲ್ಲಿ ಒಂದು ಮಿ.ಮೀ. ಕಾಳು ಅಂದರೆ ಏಳು ಸೆಂ.ಮೀ. ಕಲ್ಲು, ಧೂಳಾಗಿ ಕಾಣುವುದಿಲ್ಲ. ಮೂಗಿಗೆ ಮಾಸ್ಕ್ ಇರಲಿ. ಒಣ ಕುಂಚದಿಂದ ಸವರಿ, ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಮಂಜಿನಂತೆ ಸಿಂಪಡಿಸಿ. ರಾಯಚೂರಿನ ಎರೆಮಣ್ಣು ಇನ್ನೊಂದು ಸಂಪತ್ತು. ಹದವಾಗಿ ಕಲಸಿ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟರೆ ತಾನೇ ಬಿರುಕು ಬಿಡುತ್ತದೆ. ಬತ್ತಿದ ಗ್ರಹದ ನೆಲ ಸಿದ್ಧ.

ಅಂಟು, ಬಣ್ಣ, ನಮ್ಮ ಬಿಸಿಲು

ಇದನ್ನು ಚುಟುಕಾಗಿ ಹೇಳುತ್ತೇನೆ. ಕಿಟ್ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟೇ ಒಳ್ಳೆಯದು. ಅದು ಎರಡೂ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಪಾರದರ್ಶಕ ಕಿಟಕಿಯ ಹತ್ತಿರ ಅದರ ಆವಿ ಬಿಳಿ ಮಬ್ಬು ಕೂರಿಸುತ್ತದೆ. ಕಿಟಕಿಗೆ ಫೆವಿಕಾಲ್ ಸಾಕು. ಥರ್ಮೋಕೋಲಿನ ಮೇಲೆ ಸ್ಪ್ರೇ ಡಬ್ಬಿ ಹೊಡೆಯಬೇಡಿ, ಕರಗಿ ಗುಳಿ ಬೀಳುತ್ತದೆ. ಮೊದಲು ಫೆವಿಕಾಲ್ ಬಳಿದು, ಆಮೇಲೆ ಕುಂಚದಿಂದ ಅಕ್ರಿಲಿಕ್ ಬಣ್ಣ ಹಚ್ಚಿ.

ನೀರಿನಲ್ಲಿ ಕಲಸುವ ಅಕ್ರಿಲಿಕ್ಕೋ, ಎಣ್ಣೆ ಬಣ್ಣದ ಎನಾಮಲ್ಲೋ ಅಂದರೆ ನನ್ನ ಮತ ಅಕ್ರಿಲಿಕ್‌ಗೆ. ವಾಸನೆ ಕಡಿಮೆ, ಕುಂಚ ನೀರಿನಲ್ಲೇ ತೊಳೆಯಬಹುದು, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಅದು ಕುಂಚದ ಮೇಲೆಯೇ ಒಣಗುತ್ತದೆ. ಬೆಳಿಗ್ಗೆ ಎಂಟರೊಳಗೆ ಬಣ್ಣ ಮುಗಿಸಿ. 3ಡಿ ಪ್ರಿಂಟ್ ಮಾಡಿಸಿದ ತುಂಡುಗಳಿದ್ದರೆ ಇನ್ನೂ ಎಚ್ಚರ ಬೇಕು. ಅದಕ್ಕೆ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ನನ್ನ ನಾಲ್ಕು ಕಾಲುಗಳು ಬಾಗಿಹೋದವು. ಮೂರು ವಾರದ ಕೆಲಸ ಅದು, ಬಹಳ ನೋವಾಯ್ತು. ಎರಡನೇ ಸಲ ಕಾಲುಗಳನ್ನು ಸೈಕಲ್ಲಿನ ಸ್ಪೋಕ್ ಕಡ್ಡಿಯಲ್ಲಿ ಮಾಡಿದೆ.

ಬರೀ ನೌಕೆಯೋ, ಕೆಳಗೆ ನೆಲವೋ

ಹಾರುತ್ತಿರುವ ನೌಕೆಗೆ ಒಂದು ಕಡ್ಡಿ, ಒಂದು ಕರಿ ಹಲಗೆ ಸಾಕು. ಇಳಿದ ನೌಕೆಗೆ ನೆಲ ಬೇಕು. ನೆಲ ಕಟ್ಟಲು ಈ ಸೀಮೆಯಷ್ಟು ಒಳ್ಳೆಯ ಜಾಗ ಇನ್ನೆಲ್ಲಿ ಸಿಗುತ್ತದೆ? ಆನೆಗೊಂದಿ, ಗಂಗಾವತಿ ಕಡೆ ಬಂಡೆಯ ಮೇಲೆ ಬಂಡೆ ಕೂತಿರುವುದನ್ನು ಒಂದು ಸಂಜೆ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮನೆ ಕಟ್ಟುವ ಕಡೆ ಬಿದ್ದ ಮೂರು ಸೆಂ.ಮೀ. ಜಲ್ಲಿಕಲ್ಲು 1:72ರಲ್ಲಿ ಎರಡು ಮೀಟರ್ ಬಂಡೆ. ಆ ಫೋಟೊ ನೋಡುತ್ತಾ ಜೋಡಿಸಿ.

ನನ್ನ ನೆಲಕ್ಕೆ ನಾನು ಆರಿಸಿದ್ದು ಹಿರೇಬೆಣಕಲ್. ಗಂಗಾವತಿಯ ಹತ್ತಿರದ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಶಿಲಾ ಸಮಾಧಿಗಳಿವೆ. ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಮನೆಗಳಂತೆ ಕಾಣುತ್ತವೆ. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಜನ ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ದಯವಿಟ್ಟು ಅಲ್ಲಿಂದ ಒಂದು ಚೂರು ಕಲ್ಲನ್ನೂ ತರಬೇಡಿ, ನೋಡಿ ಬನ್ನಿ ಅಷ್ಟೇ. ಮೂರು ಮೀಟರಿನ ಕಲ್ಮನೆ 1:72ರಲ್ಲಿ ನಾಲ್ಕು ಸೆಂ.ಮೀ. ಆಗುತ್ತದೆ. ನಾನು ರಟ್ಟಿನಲ್ಲಿ ಏಳು ಕಲ್ಮನೆ ಕತ್ತರಿಸಿ, ಫೆವಿಕಾಲ್ ಬಳಿದು, ಮೇಲೆ ಸೋಸಿದ ಮರಳು ಉದುರಿಸಿದೆ. ಏಣಿ ಇಳಿದ ನನ್ನ ಮನುಷ್ಯ ನೋಡುತ್ತಿರುವುದು ಆ ದುಂಡು ಕಿಂಡಿಯ ಕಡೆಗೆ. ಇನ್ನೊಂದು ಗ್ರಹದಲ್ಲಿ ಇದನ್ನು ಯಾರು ಕಟ್ಟಿದರು?

ಅದಕ್ಕೆ ಉತ್ತರ ಹೇಳಬೇಕೋ ಬೇಡವೋ ಅನ್ನುವುದು ಕೊನೆಯ ಆಯ್ಕೆ. ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟರೆ ನೋಡುವವರು ಓದಿ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಬರೆಯದಿದ್ದರೆ ನಿಂತು ತಾವೇ ಹೇಳಲು ಶುರು ಮಾಡುತ್ತಾರೆ. ನಮ್ಮ ಓಣಿಯ ಮಕ್ಕಳು ಈವರೆಗೆ ನಾಲ್ಕು ಬೇರೆ ಬೇರೆ ಉತ್ತರ ಹೇಳಿದ್ದಾರೆ. ಹಾಗಾಗಿ ಚೀಟಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಾಕೆಟ್ಟಿಗೆ ಬರೆದಿಡಿ ಅಂದೆ, ಯಾಕೆಂದರೆ ಅದರದ್ದು ನಡೆದ ಕಥೆ. ಇದರದ್ದು ಇನ್ನೂ ನಡೆಯಬೇಕಾದದ್ದು.

ಕಟ್ಟುವಾಗ ಒಂದು ವಿಷಯ ನೆನಪಿಡಿ. ನೌಕೆಯ ಬಾಗಿಲಿಗೆ ಅಂಟು ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಒಂದು ಚಿಟಿಕೆ ಮೇಣದಲ್ಲಿ ಕೂರಿಸಿ. ಹೋದ ತಿಂಗಳು ಗೆಳೆಯ ಮನೆಗೆ ಬಂದಾಗ ನಾನು ಚಹಾ ತರಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ನನ್ನ ನೌಕೆಯ ಬಾಗಿಲು ಮುಚ್ಚಿತ್ತು, ಮನುಷ್ಯ ಹೊರಗೆ ಒಬ್ಬನೇ ನಿಂತಿದ್ದ. ನಾನು ಅದನ್ನು ಇನ್ನೂ ತೆರೆದಿಲ್ಲ.